ಕನೆಕ್ಟರ್ ಕೂತಿತೆಂದು ಎಸ್‌ಎಂಪಿಎಸ್ ಆನ್ ಮಾಡಬೇಡಿ

ನಮ್ಮ ಕಾಸರಗೋಡಿನ ಕಡೆ ಡಿಟಿಪಿ ಅಂಗಡಿಗಳಲ್ಲೂ ಮನೆಗಳಲ್ಲೂ ಓಡುತ್ತಿರುವ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟು ದೊಡ್ಡ ಆಫೀಸುಗಳಿಂದ ಕಳಚಿ ಬಂದ ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳು. ಬದಿಯಡ್ಕ ಕಡೆಯ ಒಂದು ಅಂಗಡಿಯಲ್ಲಿ ಅಂಥದ್ದೊಂದರ ಎಸ್‌ಎಂಪಿಎಸ್, ಅಂದರೆ ಮೆಷಿನ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ, ಸಿಡಿಲಿಗೆ ಹೋಯಿತು. ಮದರ್‌ಬೋರ್ಡ್ ಚೆನ್ನಾಗಿಯೇ ಇತ್ತು, ಅದೇ ಮಾಡೆಲಿನ ಇನ್ನೊಂದು ಮೆಷಿನ್‌ನ ಎಸ್‌ಎಂಪಿಎಸ್ ಸಿಕ್ಕಿಸಿದಾಗ ಓಡಿತ್ತು. ಆಮೇಲೆ 450 ವಾಟ್‌ನ ಎಟಿಎಕ್ಸ್ (ಮಾಮೂಲಿ ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್) ತಂದು, 24 ಪಿನ್ನಿಂದ 8 ಪಿನ್ನಿಗೆ ಇಳಿಸುವ ಕನ್ವರ್ಟರ್ ಕೇಬಲ್ ಹಾಕಿದರು. ಏನೂ ಆಗಲಿಲ್ಲ, ಲೈಟ್ ಕೂಡ ಬರಲಿಲ್ಲ. ಕೇಬಲ್ ಕೆಟ್ಟಿದೆ ಎಂದುಕೊಂಡು ಬೇರೊಂದು ತರಿಸಿದರು. ಅದೂ 8 ಪಿನ್ನಿನದೇ, ಸಲೀಸಾಗಿ ಕೂತಿತು. ಪ್ಲಗ್ ಹಾಕಿ ಸ್ವಿಚ್ ಒತ್ತಿದ್ದೇ ಬೋರ್ಡಿನ ಒಂದು ಸಣ್ಣ ಐಸಿಯಿಂದ ಹೊಗೆ ಬಂತು. ಎಸ್‌ಎಂಪಿಎಸ್ ಖರ್ಚಿನಲ್ಲಿ ಮುಗಿಯಬೇಕಾಗಿದ್ದ ರಿಪೇರಿಯಲ್ಲಿ ಬೋರ್ಡೇ ಹೋಯಿತು.

ಎರಡು ಸಲವೂ ತಪ್ಪಿದ್ದು ಬೇರೆ ಬೇರೆ ಕಡೆ. ಮಾಮೂಲಿ ಎಟಿಎಕ್ಸ್ 3.3, 5 ಮತ್ತು 12 ವೋಲ್ಟ್ ಮೂರನ್ನೂ ಕೊಡುತ್ತದೆ. ಮೆಷಿನ್ ಆಫ್ ಇದ್ದಾಗಲೂ ನೇರಳೆ ವೈರಿನಲ್ಲಿ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಇರುತ್ತದೆ. ಈ ಆಫೀಸ್ ಮಾದರಿಗಳಲ್ಲಿ ಅನೇಕವು 12 ವೋಲ್ಟ್ ಒಂದನ್ನೇ ಪಡೆದು, 5 ಮತ್ತು 3.3 ವೋಲ್ಟ್‌ಗಳನ್ನು ಬೋರ್ಡಿನಲ್ಲೇ ಮಾಡಿಕೊಳ್ಳುತ್ತವೆ. ಸ್ಟ್ಯಾಂಡ್‌ಬೈ ಕೂಡ 12 ವೋಲ್ಟ್‌ನ ಆಸುಪಾಸಿನದೇ ಬೇಕು. ಮೊದಲನೆಯ ಕೇಬಲಿನಲ್ಲಿ ಬರೀ ವೈರ್ ಇತ್ತು. ಬೋರ್ಡಿಗೆ ಸಿಕ್ಕಿದ್ದು 5 ವೋಲ್ಟ್, ಅದು ಎಚ್ಚರವಾಗಲೇ ಇಲ್ಲ. ಇಷ್ಟರಲ್ಲಿ ನಿಲ್ಲಿಸಿದ್ದರೆ ಏನೂ ನಷ್ಟವಿರಲಿಲ್ಲ. ಎರಡನೆಯದು ಬೇರೆ ಮಾಡೆಲಿಗೆ ಮಾಡಿದ್ದು. ಅದರಲ್ಲಿ 12 ವೋಲ್ಟ್ ಬರುವ ಜಾಗದಲ್ಲಿ ಈ ಬೋರ್ಡಿಗೆ ಪವರ್-ಆನ್ ಸಿಗ್ನಲ್ ಪಿನ್ (ಎಸ್‌ಎಂಪಿಎಸ್‌ಗೆ ಆನ್ ಆಗಲು ಹೇಳುವ ಪಿನ್) ಇತ್ತು. 5 ವೋಲ್ಟ್ ಮೀರದ ಆ ಪಿನ್ನಿಗೆ 12 ನುಗ್ಗಿದರೆ ಅದನ್ನು ನೋಡಿಕೊಳ್ಳುವ ಐಸಿ ಉಳಿಯುವುದಿಲ್ಲ.

ಪಿನ್‌ಗಳ ಲೆಕ್ಕವನ್ನು ನಂಬಲೇಬೇಡಿ. ಡೆಲ್ ಆಪ್ಟಿಪ್ಲೆಕ್ಸ್ 3020, 7020, 9020ಗಳಲ್ಲಿ ಮುಖ್ಯ ಕನೆಕ್ಟರ್ 8 ಪಿನ್ನಿನದು, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್ನಿನದು, ಲೆನೊವೊ ಥಿಂಕ್‌ಸೆಂಟರ್‌ಗಳಲ್ಲಿ 14 ಪಿನ್ನಿನವೂ 10 ಪಿನ್ನಿನವೂ ಇವೆ. 8 ಪಿನ್ನಿನದು ಪ್ರೊಸೆಸರ್ ಕನೆಕ್ಟರಿನಂತೆ, 6 ಪಿನ್ನಿನದು ಗ್ರಾಫಿಕ್ಸ್ ಕಾರ್ಡಿನದರಂತೆ ಕಾಣುತ್ತದೆ. 2000ದ ಆಸುಪಾಸಿನ ಕೆಲವು ಡೆಲ್‌ಗಳು ಇನ್ನೂ ಅಪಾಯದವು: ಕನೆಕ್ಟರ್ ನೋಡಲು ಅಪ್ಪಟ ಎಟಿಎಕ್ಸ್‌ನ 20 ಪಿನ್ನೇ, ಒಳಗಿನ ವೈರ್ ಕ್ರಮ ಮಾತ್ರ ಪೂರ್ತಿ ಬೇರೆ.

ಆದ್ದರಿಂದ ಮೊದಲು ಹಳೆಯ ಎಸ್‌ಎಂಪಿಎಸ್‌ನ ಲೇಬಲ್ ಓದಿ. 3.3, 5, 12, ಮೈನಸ್ 12, 5ವಿಎಸ್‌ಬಿ (5 ವೋಲ್ಟ್ ಸ್ಟ್ಯಾಂಡ್‌ಬೈ) ಎಂದೆಲ್ಲ ಇದ್ದರೆ ವೋಲ್ಟೇಜುಗಳು ಮಾಮೂಲಿನವು, ಪಿನ್ ಕ್ರಮವೊಂದನ್ನು ಪರೀಕ್ಷಿಸಿದರೆ ಸಾಕು. ಬರೀ 12 ವೋಲ್ಟ್‌ನ ಸಾಲುಗಳು, ಜೊತೆಗೆ 12ವಿಎಸ್‌ಬಿ ಎಂದಿದ್ದರೆ ಸಾದಾ ವೈರಿನ ಕನ್ವರ್ಟರ್ ಉಪಯೋಗಕ್ಕಿಲ್ಲ. 5 ವೋಲ್ಟನ್ನು 12ಕ್ಕೆ ಏರಿಸುವ ಬೂಸ್ಟ್ ಸರ್ಕ್ಯೂಟ್ ಇರುವುದೇ ಬೇಕು. ಅಂಥ ಕೇಬಲಿನ ನಡುವೆ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಪ್ಲಾಸ್ಟಿಕ್ ಹೊದಿಕೆ) ಸುತ್ತಿದ ಒಂದು ಗಂಟು ಕೈಗೆ ಸಿಗುತ್ತದೆ. 12 ವೋಲ್ಟ್‌ನಲ್ಲಿ 1 ಆಂಪಿಯರ್ ಬೇಕಾದರೆ 5 ವೋಲ್ಟ್‌ನ ಲೈನಿನಿಂದ 2.4 ಆಂಪಿಯರ್ ಎಳೆಯಬೇಕು, ನಷ್ಟ ಬೇರೆ. ಹಾಗಾಗಿ ಹೊಸ ಎಸ್‌ಎಂಪಿಎಸ್‌ನ ಲೇಬಲಿನಲ್ಲಿ 5ವಿಎಸ್‌ಬಿ ಎದುರು 3 ಆಂಪಿಯರ್ ಇದ್ದರೆ ಒಳ್ಳೆಯದು. ಆಫ್ ಆದ ಮೆಷಿನ್‌ನ ಯುಎಸ್‌ಬಿಯಲ್ಲಿ ಮೊಬೈಲ್ ಚಾರ್ಜ್ ಮಾಡುವವರಿಗೆ ಇದು ಇನ್ನೂ ಮುಖ್ಯ, ಆ ಕರೆಂಟೂ ಅದೇ ಗಂಟಿನ ಮೂಲಕ ಹೋಗಬೇಕು.

ಇಷ್ಟಾದ ಮೇಲೂ ಕೇಬಲನ್ನು ನೇರ ಬೋರ್ಡಿಗೆ ಸಿಕ್ಕಿಸಬಾರದು. ಬೋರ್ಡ್ ಬದಿಗಿಟ್ಟು, ಎಸ್‌ಎಂಪಿಎಸ್ ಮತ್ತು ಕನ್ವರ್ಟರ್ ಎರಡನ್ನೇ ಜೋಡಿಸಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗಿಟ್ಟು, ಕಪ್ಪು ಪ್ರೋಬನ್ನು ಎಸ್‌ಎಂಪಿಎಸ್‌ನ ಲೋಹದ ಪೆಟ್ಟಿಗೆಗೆ ಹಿಡಿದು, ಒಂದೊಂದೇ ಪಿನ್ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಆಫ್ ಸ್ಥಿತಿಯಲ್ಲಿ ಸ್ಟ್ಯಾಂಡ್‌ಬೈ ಪಿನ್ ಮಾತ್ರ ಸುಮಾರು 12 ತೋರಿಸಬೇಕು, ಪವರ್-ಆನ್ ಪಿನ್ 5ರ ಒಳಗೆ ಇರಬೇಕು. ಪವರ್-ಆನ್ ಪಿನ್ನನ್ನು ಗ್ರೌಂಡಿಗೆ ಮುಟ್ಟಿಸಿದರೆ ಫ್ಯಾನ್ ತಿರುಗಿ, 12 ವೋಲ್ಟ್ ಪಿನ್‌ಗಳಲ್ಲಿ 11.4ರಿಂದ 12.6ರ ನಡುವೆ ಬರಬೇಕು. ಇದೇ ಅಳತೆಯನ್ನು ಅದೇ ಮಾಡೆಲಿನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲೂ ಮಾಡಿ, ಲಾಕ್ ಇರುವ ಬದಿ ಮೇಲೆ ಬರುವಂತೆ ಹಿಡಿದು ಎರಡೂ ನಕ್ಷೆ ಹೋಲಿಸಿ. ಬದಿಯಡ್ಕದ ಅಂಗಡಿಯಲ್ಲಿ ಅಂಥದ್ದು ಕೈಯಲ್ಲೇ ಇತ್ತು, ಅಳೆದಿದ್ದರೆ ಬೋರ್ಡ್ ಉಳಿಯುತ್ತಿತ್ತು ಎಂಬುದೇ ಸಂಕಟ. ಒಳ್ಳೆಯದು ಸಿಗದಿದ್ದರೆ ಕೆಟ್ಟದ್ದರಲ್ಲಿ ಪೆಟ್ಟಿಗೆಗೂ ಪಿನ್ನಿಗೂ ಕಂಟಿನ್ಯುಟಿ (ನೇರ ಸಂಪರ್ಕ) ಇದೆಯೇ ಎಂದು ಮೀಟರಿನಲ್ಲಿ ನೋಡಿ ಗ್ರೌಂಡ್ ಪಿನ್‌ಗಳನ್ನಾದರೂ ಗುರುತಿಸಬಹುದು. ಉಳಿದವನ್ನು ಊಹಿಸಬೇಡಿ. ವೈರಿನ ಬಣ್ಣವೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಎಟಿಎಕ್ಸ್‌ನ ಹಸಿರು (ಪವರ್-ಆನ್) ವೈರನ್ನು ಕಪ್ಪು (ಗ್ರೌಂಡ್) ವೈರಿಗೆ ಖಾಯಂ ಕಟ್ಟಿ, ಹಳದಿ ವೈರಿನ 12 ವೋಲ್ಟನ್ನು ಸ್ಟ್ಯಾಂಡ್‌ಬೈಗೆ ಕೊಡುವವರೂ ಇದ್ದಾರೆ. ಮೆಷಿನ್ ಓಡುತ್ತದೆ, ನಿಜ. ಆದರೆ ಶಟ್‌ಡೌನ್ ಮಾಡಿದರೂ ಎಸ್‌ಎಂಪಿಎಸ್ ಆರುವುದಿಲ್ಲ, ಮನೆಯವರಿಗೆ ಅದು ಗೊತ್ತೂ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಿಕೊಡಬೇಡಿ.

ಅಳತೆಯನ್ನೂ ಮೊದಲೇ ನೋಡಿ. ಮಾಮೂಲಿ ಎಟಿಎಕ್ಸ್ 150 ಮಿಲಿಮೀಟರ್ ಅಗಲ, 86 ಎತ್ತರ. ಸಣ್ಣ ಕ್ಯಾಬಿನೆಟ್‌ಗಳಲ್ಲಿ ಅದು ಕೂರುವುದಿಲ್ಲ, ಹೊರಗಿಟ್ಟು ಓಡಿಸುವುದು ಸರಿಯಲ್ಲ. ಅಂಥ ಮೆಷಿನ್‌ಗೆ ಪಾರ್ಟ್ ನಂಬರ್ ಕೊಟ್ಟು ಅದೇ ಕಂಪನಿಯ ಎಸ್‌ಎಂಪಿಎಸ್ ತರಿಸುವುದೇ ಲೇಸು. ಗ್ರಾಫಿಕ್ಸ್ ಕಾರ್ಡಿಗೆಂದು ಬದಲಿಸುವವರು ಪ್ರತ್ಯೇಕ ಪವರ್ ಕೇಬಲ್ ಬೇಡದ, 75 ವಾಟ್‌ನೊಳಗಿನ ಕಾರ್ಡ್ ಹುಡುಕಿದರೆ ಈ ಗೋಜೇ ಬಾರದಿರಬಹುದು.

ಹೊಸದನ್ನು ಹಾಕುವ ಮೊದಲು ಪ್ಲಗ್‌ಪಾಯಿಂಟಿನ ಅರ್ತ್ ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ತ್ ಇಲ್ಲವೆಂದೇ ಮೊದಲು ಅನುಮಾನಿಸಿ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು, ಬ್ರಾಡ್‌ಬ್ಯಾಂಡಿನ ಲ್ಯಾನ್ ಕೇಬಲನ್ನೂ ಕಳಚಿಡಬೇಕು.