ಫೋಟೊ ಡಿಲೀಟ್ ಆಯ್ತು, ಜೊತೆಗೆ ಕೇಸೂ ಹೋಯ್ತು

ಅನುಮತಿಯಿಲ್ಲದೆ ಫೋಟೊ ಹಾಕಿದ ಪ್ರಕರಣಗಳಲ್ಲಿ ಪದೇ ಪದೇ ಆಗುವುದು ಇದು. ಹುಡುಗಿಯೊಬ್ಬಳ ಫೋಟೊ ಅವಳದೇ ಹೆಸರಿನ ನಕಲಿ ಖಾತೆಯಲ್ಲಿ, ಹೊಲಸು ಸಾಲುಗಳ ಜೊತೆ ಕಾಣಿಸಿಕೊಳ್ಳುತ್ತದೆ. ಮನೆಯವರು ಅನುಮಾನ ಇರುವವನಿಗೆ ಫೋನ್ ಮಾಡಿ ಬೈಯುತ್ತಾರೆ. ಗೆಳತಿಯರೆಲ್ಲ ಸೇರಿ ಖಾತೆಯನ್ನು ರಿಪೋರ್ಟ್ ಮಾಡುತ್ತಾರೆ. ಸಂಜೆಯೊಳಗೆ ಖಾತೆ ಮಾಯ, ಎಲ್ಲರಿಗೂ ಸಮಾಧಾನ. ಸ್ವಲ್ಪ ದಿನಕ್ಕೆ ಅದೇ ಫೋಟೊ ಬೇರೆ ಹೆಸರಿನಲ್ಲಿ ಮತ್ತೆ ಬರುತ್ತದೆ. ಈಗ ಠಾಣೆಗೆ ಹೋದರೆ ಕೈಯಲ್ಲಿರುವುದು ವಾಟ್ಸಾಪಿನಲ್ಲಿ ಬಂದ, ಅಂಚು ಕತ್ತರಿಸಿದ ಒಂದು ಸ್ಕ್ರೀನ್‌ಶಾಟ್ ಮಾತ್ರ. ಲಿಂಕ್ ಇಲ್ಲ, ಸಮಯ ಇಲ್ಲ.

ಹಾಗಾಗಿ ಮೊದಲು ಸಾಕ್ಷ್ಯ, ಆಮೇಲೆ ರಿಪೋರ್ಟ್. ಹತ್ತು ನಿಮಿಷದ ಕೆಲಸ. ಪೋಸ್ಟಿನ ಲಿಂಕ್ ಮತ್ತು ಖಾತೆಯ ಲಿಂಕ್ ಎರಡನ್ನೂ ಕಾಪಿ ಮಾಡಿಕೊಳ್ಳಿ. ಖಾತೆಯ ಮೇಲೆ ಕಾಣುವ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು, ಅದನ್ನು ಅವನು ಯಾವಾಗ ಬೇಕಾದರೂ ಬದಲಿಸಬಹುದು. ಇಡೀ ಪರದೆ ಬರುವಂತೆ, ದಿನಾಂಕ ಮತ್ತು ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪ್ ತೆರೆಯುವುದರಿಂದ ಹಿಡಿದು ಆ ಪೋಸ್ಟ್ ತಲುಪುವವರೆಗೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಸ್ಟೋರಿಯಲ್ಲಿ ಹಾಕಿದ್ದರೆ ಅದು 24 ಗಂಟೆಗೆ ತಾನಾಗಿಯೇ ಹೋಗುತ್ತದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಚೂರು ಬದಲಾದರೂ ಅದು ಬದಲಾಗುತ್ತದೆ) ಅಲ್ಲಿ ನಮೂದಿಸಬೇಕು. ಕಳಿಸುವಾಗ ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬೇರೆಯದೇ ಫೈಲ್ ಆಗುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿಗೆ ಹಾಕಿ. ಒಂದು ಎಚ್ಚರಿಕೆ: ಲೈಂಗಿಕ ಚಿತ್ರವಾಗಿದ್ದರೆ "ನೋಡಿ, ಹೀಗೆ ಮಾಡಿದ್ದಾನೆ" ಎಂದು ನೆಂಟರಿಗೆ ಹಂಚಬೇಡಿ. ಹಂಚುವುದೂ ಅಪರಾಧವೇ.

ಪೋಸ್ಟ್ ಅಳಿಸಿಹೋಗಿದ್ದರೂ ಪೂರ್ತಿ ಕೈಚೆಲ್ಲಬೇಕಿಲ್ಲ. ದೂರಿನ ಮೇಲೆ ತೆಗೆದ ವಿಷಯವನ್ನು ಆ್ಯಪ್ ನಡೆಸುವ ಸಂಸ್ಥೆಗಳು ತನಿಖೆಗಾಗಿ 180 ದಿನ ಉಳಿಸಿಡಬೇಕು ಎಂದು 2021ರ ಐಟಿ ನಿಯಮ ಹೇಳುತ್ತದೆ. ಆದರೆ ಅದನ್ನು ಪೊಲೀಸರು ಕೇಳಬೇಕು, ಕೇಳಲು ಲಿಂಕ್ ಬೇಕು. ರಾಜಿ ಪಂಚಾಯಿತಿಯಲ್ಲಿ ಆರು ತಿಂಗಳು ಕಳೆದರೆ ಅದೂ ಇಲ್ಲ.

ಇನ್ನು ಕಲಂಗಳ ವಿಷಯ. ಅನುಮತಿಯಿಲ್ಲದೆ ಹಾಕಿದ ಪ್ರತಿ ಫೋಟೊವೂ ಅಪರಾಧವಲ್ಲ. ಮದುವೆ ಮನೆಯಲ್ಲಿ ತೆಗೆದ ಸಾಮಾನ್ಯ ಗುಂಪು ಚಿತ್ರಕ್ಕೆ ಎಫ್‌ಐಆರ್ ಆಗುವುದು ಕಷ್ಟ. ಅಲ್ಲಿ ಇರುವ ದಾರಿ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ. ಮಾನಹಾನಿಗೆ ಪರಿಹಾರ ಕೇಳುವುದಾದರೆ ಪ್ರಕಟವಾದ ಒಂದು ವರ್ಷದೊಳಗೆ ದಾವೆ ಹೂಡಬೇಕು. ಖಾಸಗಿ ಅಂಗದ ಚಿತ್ರವಾದರೆ ಐಟಿ ಕಾಯ್ದೆಯ 66ಇ (3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ), ಲೈಂಗಿಕ ಕ್ರಿಯೆಯದ್ದಾದರೆ 67ಎ (ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ). ಚಿತ್ರ ಗಂಡಸರದ್ದಾದರೂ ಇವು ಅನ್ವಯ. ನಕಲಿ ಖಾತೆಗೆ ಸಾಮಾನ್ಯವಾಗಿ 66ಸಿ (ಗುರುತಿನ ಕಳವು), 66ಡಿ (ಬೇರೆಯವರ ಸೋಗಿನಲ್ಲಿ ವಂಚನೆ) ಹಾಕುತ್ತಾರೆ. ಹೆಣ್ಣುಮಕ್ಕಳಿಗೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ, ಅದರ ವಿವರಣೆಯನ್ನು ಅಗತ್ಯ ಓದಿಕೊಳ್ಳಿ: ಖಾಸಗಿ ಚಿತ್ರ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ. "ನೀನೇ ತಾನೆ ಕಳಿಸಿದ್ದು" ಎಂದು ಬಾಯಿ ಮುಚ್ಚಿಸುವವರಿಗೆ ಉತ್ತರ ಅಲ್ಲೇ ಇದೆ. ದೂರಿನಲ್ಲಿ 66ಎ (ಆಕ್ಷೇಪಾರ್ಹ ಸಂದೇಶದ ಹಳೆಯ ಕಲಂ) ಎಂದು ಬರೆಯಬೇಡಿ, ಅದನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಈಗಲೂ ಹಳೆಯ ನಮೂನೆಗಳಲ್ಲಿ ಓಡಾಡುತ್ತಿದೆ!

ಠಾಣೆಯಲ್ಲಿ "ಇದು ನಮ್ಮ ವ್ಯಾಪ್ತಿಯಲ್ಲ" ಎಂದರೆ ಎದ್ದು ಬರಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ನಿಜ, ಅದು ದೂರು ದಾಖಲಿಸದಿರಲು ಕಾರಣವಲ್ಲ. ಇಂಥ ಕೆಲವು ಕಲಂಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು, ಅದಕ್ಕಿಂತ ಹೆಚ್ಚು ಎಳೆದರೆ ಕೇಳಿ. ದೂರೇ ತೆಗೆದುಕೊಳ್ಳದಿದ್ದರೆ ಬರಹದಲ್ಲಿ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಮುಂದೇನಾಯಿತು ಎಂದು ಬೆನ್ನುಹತ್ತಲು ಆಗುವುದಿಲ್ಲ. ಕೇಸು ನಡೆಯಬೇಕೆಂದರೆ ಹೆಸರು ಕೊಡಿ.

ಸಂಸ್ಥೆಗೆ ದೂರು ಕೊಡುವಾಗ ಪೋಸ್ಟಿನ ಪಕ್ಕದ ರಿಪೋರ್ಟ್ ಗುಂಡಿಯಷ್ಟೇ ಒತ್ತಿ ಕೂರಬೇಡಿ. ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಲಿಂಕ್‌ಗಳನ್ನು ಕೊಟ್ಟು, 2021ರ ಐಟಿ ನಿಯಮಗಳ 3(2)(ಬಿ) ಎಂದು ಹೆಸರಿಸಿ. ನಗ್ನ, ಲೈಂಗಿಕ ಅಥವಾ ಮಾರ್ಫ್ ಮಾಡಿದ ಚಿತ್ರಕ್ಕೆ 2021ರಲ್ಲಿ ನಿಯಮ ಬಂದಾಗಲೇ ಅದನ್ನು ತೆಗೆಯಲು 24 ಗಂಟೆಯ ಗಡುವು ಇತ್ತು. ಉತ್ತರ ಸರಿಬರದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು.

ಕಾಪಿರೈಟ್ ದೂರು ಬೇಗ ಕೆಲಸ ಮಾಡುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಅರ್ಧ ಸತ್ಯ. ಫೋಟೊದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಅದರಲ್ಲಿರುವವರದ್ದಲ್ಲ. ಸೆಲ್ಫಿಯಾದರೆ ನಿಮ್ಮದು, ಗೆಳೆಯ ತೆಗೆದಿದ್ದರೆ ಅವನದು. ಮೇಲಾಗಿ ಆ ದೂರಿನಲ್ಲಿ ಬರೆದ ನಿಮ್ಮ ಹೆಸರು, ಇಮೇಲ್ ಫೋಟೊ ಹಾಕಿದವನಿಗೇ ತಲುಪಬಹುದು. ಹಿಂದೆ ಬಿದ್ದು ಕಾಡುವವನಿದ್ದರೆ ಈ ದಾರಿ ಬೇಡ.

ಹಣ ಕೇಳಿ ಬೆದರಿಸುತ್ತಿದ್ದರೆ ಒಂದು ಪೈಸೆ ಕೊಡಬೇಡಿ, ಕೊಟ್ಟವರಿಗೆ ಬೇಡಿಕೆ ಬೆಳೆಯುತ್ತದೆ. ಆ ಚಾಟ್ ಅಳಿಸಬೇಡಿ, ಅದೇ ಸುಲಿಗೆಯ ಸಾಕ್ಷ್ಯ. "ಹ್ಯಾಕ್ ಮಾಡಿ ತೆಗೆಸಿಕೊಡುತ್ತೇವೆ" ಎನ್ನುವವರು ಎರಡನೇ ಸುಲಿಗೆಕೋರರು. ಚಿತ್ರ ಇನ್ನೂ ಹರಡಿಲ್ಲವಾದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ತಾಣ ಬಳಸಿ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ, ಅದರಲ್ಲಿ ಸೇರಿಕೊಂಡಿರುವ ಸಂಸ್ಥೆಗಳು ಅದನ್ನು ಹೋಲಿಸಿ ತಡೆಯುತ್ತವೆ. ಅದು 18 ದಾಟಿದವರಿಗೆ. ಅದಕ್ಕಿಂತ ಚಿಕ್ಕವರ ಚಿತ್ರವಾದರೆ ಟೇಕ್ ಇಟ್ ಡೌನ್ ಎಂಬ ಅಂಥದ್ದೇ ತಾಣ ಇದೆ, ಜೊತೆಗೆ ನೇರ ಠಾಣೆಗೆ ಹೋಗಿ: ಅಲ್ಲಿ ಮಕ್ಕಳ ಲೈಂಗಿಕ ಚಿತ್ರಗಳ ಕುರಿತ ಐಟಿ ಕಾಯ್ದೆಯ 67ಬಿ ಮತ್ತು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬರುತ್ತವೆ, ಮಗು ಒಪ್ಪಿತ್ತು ಎಂಬ ವಾದಕ್ಕೆ ಜಾಗವೇ ಇಲ್ಲ.