ಮಗುವಿನ ಮೈಮೇಲೆ ಗುಳ್ಳೆ: ಆ್ಯಪ್‌ಗೆ ತೋರಿಸುವುದೋ, ವಿಡಿಯೊದಲ್ಲಿ ವೈದ್ಯರಿಗೋ?

ಒಂದರಿಂದ ಮೂರು ವರ್ಷದೊಳಗಿನ ಮಗುವಿನ ಎದೆ ಮೇಲೆ ನಾಲ್ಕು ಗುಳ್ಳೆ ಕಂಡರೆ ಈಗ ಮನೆಯಲ್ಲೇ ಕೂತು ಹಿಡಿಯಬಹುದಾದ ದಾರಿ ಎರಡು. ಫೋಟೊ ಹಾಕಿದರೆ ಕಾಯಿಲೆಯ ಹೆಸರು ಹೇಳುವ ಆ್ಯಪ್ ಒಂದು, ಫೋನಿನಲ್ಲೇ ವೈದ್ಯರನ್ನು ಕಾಣುವ ವಿಡಿಯೊ ಕನ್ಸಲ್ಟೇಶನ್ ಇನ್ನೊಂದು. ‘ಇದು ಚಿಕನ್‌ಪಾಕ್ಸ್ ಹೌದೋ ಅಲ್ಲವೋ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಎರಡನ್ನೂ ತೂಗಿದರೆ ಆ್ಯಪ್‌ಗೆ ಪಾಸ್ ಮಾರ್ಕ್ಸ್ ಕೊಡುವುದು ಕಷ್ಟ. ವಿಡಿಯೊ ಸೇವೆ ಪರವಾಗಿಲ್ಲ. ಆದರೆ ಅದರ ಅರ್ಧ ಕೆಲಸ ನಿಮ್ಮ ಕೈಯಲ್ಲೇ ಇದೆ.

ಆ್ಯಪ್ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಒಂದು ಗುಳ್ಳೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಚರ್ಮಕ್ಕೆ ಸಮನಾದ ಒಂದು ಕಲೆ. ಕೆಲವೇ ಗಂಟೆಗಳಲ್ಲಿ ಅದು ಬೆರಳಿಗೆ ಸಿಗುವಷ್ಟು ಉಬ್ಬುತ್ತದೆ. ಆಮೇಲೆ ತುದಿಯಲ್ಲಿ ತಿಳಿನೀರು ತುಂಬಿಕೊಂಡು, ಸುತ್ತ ಕೆಂಪು ಅಂಚಿರುವ, ಮುಟ್ಟಿದರೆ ಒಡೆಯುವಷ್ಟು ತೆಳುವಾದ ನೀರ್ಗುಳ್ಳೆಯಾಗುತ್ತದೆ. ಗಾತ್ರ ಎರಡು-ನಾಲ್ಕು ಮಿಲಿಮೀಟರ್ ಅಷ್ಟೆ. ನೀರು ಮಬ್ಬಾಗಿ, ನಡುವೆ ತಗ್ಗಾಗಿ, ಒಣಗಿ ಹಕ್ಕಳೆ ಕಟ್ಟುತ್ತದೆ. ಕಲೆಯಿಂದ ಹಕ್ಕಳೆವರೆಗಿನ ಈ ಪಯಣ ಹೆಚ್ಚುಕಡಿಮೆ ಒಂದು ದಿನದ್ದು. ಅಷ್ಟರಲ್ಲಿ ಪಕ್ಕದಲ್ಲೇ ಹೊಸ ಕಲೆಗಳು ಏಳುತ್ತಿರುತ್ತವೆ. ಮೂರರಿಂದ ಐದು ದಿನ ಹೀಗೆ ಕಂತು ಕಂತಾಗಿ ಬರುವುದರಿಂದ, ಬೆನ್ನಿನ ಅಂಗೈಯಗಲ ಜಾಗದಲ್ಲೇ ಕಲೆ, ಉಬ್ಬು, ನೀರ್ಗುಳ್ಳೆ, ಹಕ್ಕಳೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಚಿಕನ್‌ಪಾಕ್ಸ್‌ನ ಗುರುತೇ ಇದು. ಒಂದು ಗುಳ್ಳೆಯ ಒಂದು ಫೋಟೊದಲ್ಲಿ ಇದು ಇರುವುದಿಲ್ಲ. ಮೊದಲ ದಿನವಂತೂ ಸೊಳ್ಳೆ ಕಚ್ಚಿದ ಗುರುತಿಗೂ ಇದಕ್ಕೂ ವ್ಯತ್ಯಾಸ ಹೇಳಲು ಅನುಭವಸ್ಥರೂ ತಡವರಿಸುತ್ತಾರೆ.

ಆ್ಯಪ್‌ಗಳ ಎರಡನೇ ತೊಂದರೆ ಚರ್ಮದ ಬಣ್ಣ. ಅವನ್ನು ಕಲಿಸಲು ಬಳಸಿದ ಚಿತ್ರಸಂಗ್ರಹಗಳಲ್ಲಿ ಬಿಳಿ ಚರ್ಮದ ಫೋಟೊಗಳೇ ಹೆಚ್ಚು. ಕಂದು ಅಥವಾ ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಅಂಚು ಕಾಣದೇ ಹೋಗಬಹುದು, ಗುಳ್ಳೆ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿ ಕಾಣಬಹುದು. ಮೂರನೆಯದು ಫೋನಿನದೇ ಕಿತಾಪತಿ: ಮುಖ ಚೆನ್ನಾಗಿ ಕಾಣಲೆಂದು ಇರುವ ಬ್ಯೂಟಿ ಮೋಡ್ ಚರ್ಮವನ್ನು ನುಣುಪು ಮಾಡುವಾಗ ಸಣ್ಣ ಉಬ್ಬುಗಳನ್ನೂ ಅಳಿಸಿಬಿಡುತ್ತದೆ. ಕೊನೆಗೆ ಪರದೆ ಮೇಲೆ ಮೂರು ಕಾಯಿಲೆ, ಮೂರು ಶೇಕಡಾ ಅಂಕಿ ಬರುತ್ತವೆ. ಮನೆಯವರ ಕಣ್ಣು ಮೊದಲನೆಯದರ ಮೇಲಷ್ಟೇ ನಿಲ್ಲುತ್ತದೆ. ಅದರಲ್ಲಿ ಚಿಕನ್‌ಪಾಕ್ಸ್ ಇಲ್ಲವೆಂದು ಮಗುವನ್ನು ಪ್ಲೇಹೋಮ್‌ಗೆ ಕಳಿಸಿದರೆ ಕೆಲಸ ಕೆಟ್ಟಂತೆ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲಿನಿಂದ ಹಿಡಿದು ಕಡೆಯ ಗುಳ್ಳೆ ಹಕ್ಕಳೆ ಕಟ್ಟುವವರೆಗೂ ಇದು ಹರಡುತ್ತದೆ, ಅದೂ ಗಾಳಿಯಲ್ಲಿ. ಆ್ಯಪ್ ಇಟ್ಟುಕೊಳ್ಳಲೇಬೇಕೆಂದಿದ್ದರೆ ಫೋಟೊಗಳನ್ನು ದಿನಾಂಕ, ಗಂಟೆ ಸಮೇತ ಜೋಡಿಸಿಡುವ ಪುಸ್ತಕವಾಗಿ ಬಳಸಿ. ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಇನ್ನು ವಿಡಿಯೊ ಸೇವೆ. ಇಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ನಂಬಬೇಡಿ. ಕರೆಯಲ್ಲಿ ನೆಟ್‌ವರ್ಕ್ ಕುಗ್ಗಿದಾಗ ನೀರ್ಗುಳ್ಳೆ ಬರೀ ಚುಕ್ಕೆಯಾಗುತ್ತದೆ, ಮಗು ಒಂದು ಕ್ಷಣ ಕೂರುವುದಿಲ್ಲ. ಆದ್ದರಿಂದ ಕರೆಗೆ ಮೊದಲೇ ಫೋಟೊ ಕಳಿಸಲು ಬಿಡುವ ಸೇವೆಯನ್ನೇ ಆರಿಸಿ. ಫೋಟೊ ಕಿಟಕಿ ಬೆಳಕಿನಲ್ಲಿರಲಿ, ಫ್ಲ್ಯಾಶ್ ಬೇಡ, ಬ್ಯೂಟಿ ಮೋಡ್ ಆಫ್. ಎದೆ-ಹೊಟ್ಟೆ ಪೂರ್ತಿ ಒಂದು, ಬೆನ್ನು ಒಂದು, ಅಂಗೈ-ಅಂಗಾಲು ಒಂದು, ಮುಖ ಒಂದು. ಆಮೇಲೆ ಒಂದು ಗುಳ್ಳೆಯನ್ನು ಹದಿನೈದು-ಇಪ್ಪತ್ತು ಸೆಂಟಿಮೀಟರ್ ದೂರದಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆಯಿರಿ. ಒಳಗೆ ನೀರಿದ್ದರೆ ಮಿನುಗುತ್ತದೆ. ತೀರಾ ಹತ್ತಿರ ಹೋದರೆ ಫೋಕಸ್ ತಪ್ಪುತ್ತದೆ. ಹೊಸದಾಗಿ ಎದ್ದ ಒಂದು ಕಲೆಯ ಸುತ್ತ, ಅದಕ್ಕೆ ತಾಗದಂತೆ, ಬಾಲ್‌ಪೆನ್ನಿನಿಂದ ವೃತ್ತ ಹಾಕಿ ಆರೆಂಟು ಗಂಟೆಗೊಮ್ಮೆ ಅದೇ ಜಾಗದ ಫೋಟೊ ತೆಗೆಯಿರಿ. ಈ ಮೂರು-ನಾಲ್ಕು ಚಿತ್ರಗಳ ಸಾಲು ವೈದ್ಯರಿಗೆ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ವಿವರ ಸವೆದುಹೋಗುತ್ತದೆ. ಮುಖ್ಯವಾದ ಮಾತು: ತುರಿಕೆಗೆ ಬಳಸುವ ಕ್ಯಾಲಮೈನ್ ಲೋಶನ್ ಹಚ್ಚುವುದಕ್ಕೆ ಮೊದಲೇ ಫೋಟೊ ಆಗಬೇಕು. ಒಮ್ಮೆ ಗುಲಾಬಿ ಲೇಪ ಮೆತ್ತಿದ ಮೇಲೆ ಯಾವ ವೈದ್ಯರಿಗೂ ಏನೂ ಕಾಣುವುದಿಲ್ಲ.

ತಲೆಗೂದಲು ಬಿಡಿಸಿ ನೆತ್ತಿ ನೋಡಿ, ಕೂದಲ ನಡುವೆ ನೀರ್ಗುಳ್ಳೆ ಸಿಕ್ಕರೆ ಚಿಕನ್‌ಪಾಕ್ಸ್ ಕಡೆಗೆ ವಾಲುತ್ತದೆ. ಬಾಯೊಳಗೆ ಅಂಗುಳು, ಡೈಪರ್ ಜಾಗ, ರೆಪ್ಪೆಯನ್ನೂ ನೋಡಿ ಬರೆದಿಟ್ಟುಕೊಳ್ಳಿ.

ಸೇವೆ ಒಳ್ಳೆಯದೋ ಅಲ್ಲವೋ ಎಂಬುದು ವೈದ್ಯರು ಕೇಳುವ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ‘ಎರಡು-ಮೂರು ವಾರದ ಹಿಂದೆ ಮಗು ಯಾರ ಜೊತೆ ಇತ್ತು?’ ಎಂದು ಕೇಳಬೇಕು. ಸೋಂಕು ತಗುಲಿ ಗುಳ್ಳೆ ಏಳಲು 10ರಿಂದ 21 ದಿನ ಬೇಕು, ಸಾಮಾನ್ಯವಾಗಿ 14ರಿಂದ 16. ನಿನ್ನೆ ಯಾರನ್ನು ಭೇಟಿಯಾದಿರಿ ಎಂದಷ್ಟೇ ಕೇಳಿ ಮುಗಿಸುವವರು ತಪ್ಪು ವಾರ ಹುಡುಕುತ್ತಿದ್ದಾರೆ. ಮನೆಯಲ್ಲಿ ಹಿರಿಯರಿಗೆ ಸರ್ಪಸುತ್ತು ಆಗಿತ್ತೇ ಎಂದೂ ಕೇಳಬೇಕು. ವೈರಸ್ ಒಂದೇ ಆದ್ದರಿಂದ ಆ ಗುಳ್ಳೆಯ ನೀರಿನಿಂದ ಮಗುವಿಗೆ ಚಿಕನ್‌ಪಾಕ್ಸ್ ಬರಬಹುದು. ಮೂರನೆಯ ಪ್ರಶ್ನೆ ಚಿಕನ್‌ಪಾಕ್ಸ್ ಲಸಿಕೆ. ಹಾಕಿಸಿಕೊಂಡ ಮಗುವಿಗೂ ಬರಬಹುದು, ಆದರೆ ವೇಷ ಬೇರೆ: ಐವತ್ತಕ್ಕಿಂತ ಕಡಿಮೆ ಗುಳ್ಳೆ, ಹೆಚ್ಚಿನವು ನೀರೇ ತುಂಬದ ಬರೀ ಉಬ್ಬು, ಜ್ವರ ಅಷ್ಟಕ್ಕಷ್ಟೆ. ಲಸಿಕೆ ಇಲ್ಲದ ಮಗುವಿನಲ್ಲಿ 250ರಿಂದ 500 ಏಳುವುದುಂಟು. ‘ಲಸಿಕೆ ಆಗಿದೆಯಲ್ಲ, ಹಾಗಾದರೆ ಇದಲ್ಲ’ ಎಂದು ಕರೆ ಮುಗಿಸುವ ಸೇವೆಗೆ ನಾವು ಎರಡನೇ ಸಲ ಹೋಗಿ ಎನ್ನುವುದಿಲ್ಲ.

ಹೋಲುವ ಕಾಯಿಲೆಗಳಲ್ಲಿ ಈ ವಯಸ್ಸಿಗೆ ಅತಿ ಹೆಚ್ಚು ಗೊಂದಲ ಮಾಡುವುದು ಕೈ-ಕಾಲು-ಬಾಯಿ ರೋಗ. ಅದರಲ್ಲಿ ಅಂಗೈ, ಅಂಗಾಲು, ಪೃಷ್ಠ ಮತ್ತು ಬಾಯೊಳಗೆ ಗುಳ್ಳೆ. ಉದ್ದುದ್ದ, ಬೂದುಬಣ್ಣಕ್ಕೆ ತಿರುಗಿದವು, ಸುಲಭಕ್ಕೆ ಒಡೆಯುವುದಿಲ್ಲ. ಚಿಕನ್‌ಪಾಕ್ಸ್ ಮೈಯ ನಡುಭಾಗ, ಮುಖ, ನೆತ್ತಿಯಲ್ಲಿ ದಟ್ಟ, ಅಂಗೈ-ಅಂಗಾಲಿನಲ್ಲಿ ವಿರಳ. ಕೈ-ಕಾಲು-ಬಾಯಿ ರೋಗ ತಂದಿದ್ದು ಕಾಕ್ಸ್‌ಸ್ಯಾಕಿ ಎ6 ಎಂಬ ವೈರಸ್ ಆಗಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ: ಗುಳ್ಳೆ ಬಾಯಿ ಸುತ್ತ, ತೋಳು-ತೊಡೆಗೂ ಹರಡುತ್ತದೆ, ಕೆಲವು ವಾರದ ಮೇಲೆ ಉಗುರು ಕಳಚಬಹುದು. ಕೀಟ ಕಚ್ಚಿದ್ದಾದರೆ ಬಟ್ಟೆ ಮುಚ್ಚದ ಜಾಗದಲ್ಲಿ, ಗುಂಪಾಗಿ ಇಲ್ಲವೇ ಸಾಲಾಗಿ, ನಡುವೆ ಸೂಜಿಮೊನೆಯಷ್ಟು ಚುಕ್ಕೆ, ಜ್ವರವಿಲ್ಲ. ಮೂಗು-ಬಾಯಿ ಸುತ್ತ ಜೇನುಬಣ್ಣದ ಹಕ್ಕಳೆ ಬ್ಯಾಕ್ಟೀರಿಯಾದ್ದು. ಕಜ್ಜಿ ರಾತ್ರಿ ಹೆಚ್ಚು ತುರಿಸುತ್ತದೆ, ಮನೆಯ ಬೇರೆಯವರಿಗೂ ತುರಿಕೆ ಇರುತ್ತದೆ. ಪಿತ್ತಗಂಧೆಯ ಒಂದೊಂದು ದದ್ದೂ 24 ಗಂಟೆಯೊಳಗೆ ಜಾಗ ಬದಲಿಸುತ್ತದೆ. ದಡಾರದಲ್ಲಿ ಕೆಮ್ಮು, ನೆಗಡಿ, ಕೆಂಗಣ್ಣು ಮೊದಲು, ನೀರ್ಗುಳ್ಳೆ ಇರುವುದಿಲ್ಲ.

ಕೆಲವದಕ್ಕೆ ವಿಡಿಯೊ ಸಾಲದು, ನೇರ ಆಸ್ಪತ್ರೆಗೇ ಹೋಗಬೇಕು. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ, ಎಬ್ಬಿಸಿದರೂ ಏಳದ ಮಂಪರು, ಏದುಸಿರು, ನಡೆಯುವಾಗ ತೂರಾಟ, ಬಿಡದ ವಾಂತಿ. ಇಳಿದ ಜ್ವರ ಮತ್ತೆ ಏರಿದರೆ, ಅಥವಾ ಒಂದು ಗುಳ್ಳೆಯ ಸುತ್ತ ಚರ್ಮ ಊದಿ ಬಿಸಿಯಾಗಿ ನೋಯುತ್ತಿದ್ದರೆ ಮೇಲಿಂದ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಅನುಮಾನಿಸಬೇಕು. ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವ ಮಗುವಿನಲ್ಲಿ ಒಂದೇ ಗಾತ್ರದ, ಕೊರೆದಂತಿರುವ ಹುಣ್ಣುಗಳು ಏಳುತ್ತಿದ್ದರೆ ಅದು ಹರ್ಪಿಸ್ ಎಂಬ ಬೇರೆ ವೈರಸ್ ಸೋಂಕಾಗಿರಬಹುದು, ಅಂದೇ ತೋರಿಸಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ, ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಕ್ಕಳದೂ ಹಾಗೆಯೇ. ವೈರಸ್ ತಡೆಯುವ ಔಷಧಿ ಏಸೈಕ್ಲೊವಿರ್ ಗುಳ್ಳೆ ಎದ್ದ ಮೊದಲ 24 ಗಂಟೆಯಲ್ಲಿ ಶುರುವಾದರೆ ಹೆಚ್ಚು ಪ್ರಯೋಜನ. ಹೊರಡುವ ಮೊದಲು ಫೋನ್ ಮಾಡಿ ‘ಚಿಕನ್‌ಪಾಕ್ಸ್ ಅನುಮಾನ’ ಎಂದು ತಿಳಿಸಿ, ಕಾಯುವ ಕೋಣೆಯಲ್ಲಿ ಗರ್ಭಿಣಿಯರೂ ಹಸುಗೂಸುಗಳೂ ಇರುತ್ತಾರೆ. ಖಚಿತ ಉತ್ತರ ಬೇಕೇಬೇಕಾದಾಗ ಗುಳ್ಳೆಯ ನೀರು ಅಥವಾ ಹಕ್ಕಳೆಯಲ್ಲಿ ವೈರಸ್ ಇದೆಯೇ ಎಂದು ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸುತ್ತಾರೆ. ರಕ್ತದ ಐಜಿಎಂ (ಪ್ರತಿಕಾಯ) ಪರೀಕ್ಷೆ ಬರೆದುಕೊಟ್ಟರೆ ಯಾಕೆಂದು ಕೇಳಿ, ಅದು ಅಷ್ಟು ನೆಚ್ಚುವಂಥದ್ದಲ್ಲ.

ವಿಡಿಯೊ ಸೇವೆಯ ಚೀಟಿಯನ್ನು ಓದದೆ ಔಷಧಿ ತರಬೇಡಿ. ಅದರಲ್ಲಿ ಆಸ್ಪಿರಿನ್ ಇರಲೇಬಾರದು. ಚಿಕನ್‌ಪಾಕ್ಸ್ ಜೊತೆ ಅದು ಯಕೃತ್ತು, ಮಿದುಳಿಗೆ ಕುತ್ತಾಗುವ ರೈಸ್ ಸಿಂಡ್ರೋಮ್ ತರಬಹುದು. ಐಬುಪ್ರೊಫೆನ್ ಬರೆದಿದ್ದರೆ ಬೇಕೇ ಎಂದು ಮತ್ತೆ ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಒಂದು ಸಲಕ್ಕೆ ಕೆಜಿ ತೂಕಕ್ಕೆ 15 ಮಿಲಿಗ್ರಾಂ ಮೀರದಂತೆ, ದಿನಕ್ಕೆ ನಾಲ್ಕು ಸಲದೊಳಗೆ. ಎಡವಟ್ಟಾಗುವುದು ಸಿರಪ್‌ನಲ್ಲಿ: 10 ಕೆಜಿ ಮಗುವಿಗೆ 150 ಮಿಲಿಗ್ರಾಂ ಎಂದರೆ, 5 ಮಿಲಿಗೆ 120 ಮಿಲಿಗ್ರಾಂ ಇರುವ ಬಾಟಲಿಯಲ್ಲಿ 6.25 ಮಿಲಿ, 250 ಇರುವ ಬಾಟಲಿಯಲ್ಲಿ 3 ಮಿಲಿ ಮಾತ್ರ. ಚೀಟಿಯಲ್ಲಿ ಬರೀ ‘ಇಷ್ಟು ಮಿಲಿ’ ಎಂದಿದ್ದರೆ ಯಾವ ಬಾಟಲಿಗೆ ಎಂದು ಕೇಳಿ ಬರೆಸಿಕೊಳ್ಳಿ. ಕ್ಯಾಲಮೈನ್ ಸಾದಾ ಇರಲಿ. ಡೈಫೆನ್‌ಹೈಡ್ರಮಿನ್ ಎಂಬ ಅಲರ್ಜಿ ಔಷಧಿ ಬೆರೆಸಿದ್ದನ್ನು ಮೈತುಂಬ ಹಚ್ಚಿದರೆ ಒಡೆದ ಗುಳ್ಳೆಗಳ ಮೂಲಕ ರಕ್ತಕ್ಕಿಳಿದು ಮಗು ಮಂಕಾಗಬಹುದು, ಇಲ್ಲವೇ ಅತಿಯಾಗಿ ಚಡಪಡಿಸಬಹುದು.

ಸೇವೆ ಆರಿಸುವಾಗ 24 ಗಂಟೆಯ ಬಳಿಕ ಅದೇ ವೈದ್ಯರಿಗೆ ಎರಡನೇ ಸಲ ಫೋಟೊ ತೋರಿಸುವ ಅವಕಾಶ ಇದೆಯೇ ನೋಡಿ. ಮೊದಲ ದಿನ ‘ನಾಳೆ ನೋಡೋಣ’ ಎನ್ನುವ ವೈದ್ಯರು ಜಾರಿಕೊಳ್ಳುತ್ತಿದ್ದಾರೆಂದು ಒಂದೇ ಸ್ಟಾರ್ ಕೊಡುವವರಿದ್ದಾರೆ. ನಮ್ಮ ಮಟ್ಟಿಗೆ ಆ ವೈದ್ಯರೇ ಸರಿ. ಪ್ಲೇಹೋಮ್‌ಗೆ ಕೊಡಲು ಪತ್ರ ಕೇಳಿದರೆ ದಿನ ಎಣಿಸಿ ಬರೆಯುವವರಿಗಿಂತ ‘ಎಲ್ಲ ಗುಳ್ಳೆ ಹಕ್ಕಳೆ ಕಟ್ಟಿದ ಮೇಲೆ’ ಎಂದು ಬರೆಯುವವರು ಮೇಲು. ಲಸಿಕೆಯಾದ ಮಗುವಿನಲ್ಲಿ ಹಕ್ಕಳೆಯೇ ಕಟ್ಟದಿದ್ದರೆ, 24 ಗಂಟೆ ಒಂದೂ ಹೊಸ ಗುಳ್ಳೆ ಏಳದಿದ್ದಾಗ ಕಳಿಸಬಹುದು.