ಎರಡು ಜೋಡಿ ಪೆಡಲಿನ ಕಾರು: ಶಿವಮೊಗ್ಗದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತ ಅನುಭವ

ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟ ನಾನು, ವಿನೋಬನಗರದ ನಮ್ಮ ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಈ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ದಿನಕ್ಕೆ ಅರ್ಧ ಗಂಟೆಯಂತೆ 20 ತರಗತಿ, ಎಲ್‌ಎಲ್‌ಆರ್ ಮಾಡಿಸಿಕೊಡುವುದೂ ಸೇರಿ 6,500 ರೂಪಾಯಿ. ಬೆಳಿಗ್ಗೆ ಆರೂವರೆಗೆ ಕಾರು ಮನೆಯ ಬಾಗಿಲಿಗೇ ಬರುತ್ತಿತ್ತು, ಒಂದು ದಿನವೂ ತಡವಾಗಲಿಲ್ಲ. ಇಷ್ಟರ ಮಟ್ಟಿಗೆ ದೂರುವಂಥದ್ದು ಏನೂ ಇಲ್ಲ. ನಾನು ವಿವರವಾಗಿ ಬರೆಯಬೇಕೆಂದಿರುವುದು ಆ ಕಾರಿನ ಎಡಗಡೆ ಸೀಟಿನ ಮುಂದಿರುವ ಇನ್ನೊಂದು ಜೋಡಿ ಪೆಡಲುಗಳ ಬಗ್ಗೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತರಬೇತಿಯ ಕಾರನ್ನು ಕಲಿಸುವವರೂ ನಿಲ್ಲಿಸುವಂತಿರಬೇಕು. ಅದಕ್ಕಾಗಿ ಕ್ಲಚ್ಚಿಗೂ ಬ್ರೇಕಿಗೂ ಸರಳು ಜೋಡಿಸಿ ಎಡಗಡೆಗೆ ತಂದಿರುತ್ತಾರೆ. ಅಲ್ಲಿ ಅವರು ಒತ್ತಿದರೆ ಇಲ್ಲಿ ನಮ್ಮ ಕಾಲಡಿಯ ಪೆಡಲೂ ಒಳಗೆ ಹೋಗುತ್ತದೆ. ಇದು ಬೇಕೇ ಬೇಕು. ಆದರೆ ಮೊದಲ ಹತ್ತು ದಿನ ನನಗೆ ಕಲಿಸಿದವರು ಮಾತು ಕಡಿಮೆಯವರು, ನಾನು ಎಡವಿದಲ್ಲೆಲ್ಲ ಸದ್ದಿಲ್ಲದೆ ತಾವೇ ಒತ್ತಿಬಿಡುತ್ತಿದ್ದರು. ಗೋಪಿ ಸರ್ಕಲ್ಲಿನಲ್ಲಿ ಬಸ್ಸು, ಆಟೋಗಳ ನಡುವೆ ಎಂಜಿನ್ ಒಮ್ಮೆಯೂ ಆಫ್ ಆಗದಂತೆ ದಾಟಿದೆನೆಂದು ನಾನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಹನ್ನೊಂದನೆಯ ದಿನ ಅವರಿಗೆ ರಜೆ. ಬದಲಿಗೆ ಬಂದ ಹಿರಿಯರು ಎರಡೂ ಕಾಲುಗಳನ್ನು ಪೆಡಲಿನಿಂದ ಹಿಂದಕ್ಕೆಳೆದು ಮ್ಯಾಟಿನ ಮೇಲಿಟ್ಟು ಕುಳಿತರು. ಆ ಅರ್ಧ ಗಂಟೆಯಲ್ಲಿ ಎಂಜಿನ್ ಏಳು ಸಲ ಆಫ್ ಆಯಿತು.

“ಕ್ಲಚ್ ಇಷ್ಟು ದಿನ ಅವ್ರೇ ಹಿಡೀತಿದ್ರು ಅನ್ಸುತ್ತೆ ಮೇಡಂ” ಎಂದರು.

ನನ್ನನ್ನು ಕಾಡಿದ್ದು ಅವರು ಒತ್ತುತ್ತಿದ್ದರು ಎಂಬುದಲ್ಲ, ನನಗೆ ಒಮ್ಮೆಯೂ ಅನುಮಾನ ಬರಲಿಲ್ಲವೆಂಬುದು. ಒತ್ತಿದ್ದು ನನ್ನ ಕಾಲೇ ಎಂಬ ಅನುಭವ ನನಗೆ ಸ್ಪಷ್ಟವಾಗಿಯೇ ಇತ್ತು.

ಈ ಅನುಭವ ಹುಟ್ಟುವ ಬಗೆಯನ್ನು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಡ್ಯಾನಿಯಲ್ ವೆಗ್ನರ್ ಮತ್ತು ಥಾಲಿಯಾ ವೀಟ್ಲಿ ಅವರ ಪ್ರಯೋಗ ಹೆಚ್ಚುಕಡಿಮೆ ನಮ್ಮ ಕಾರಿನಂತೆಯೇ ಇದೆ. ಒಂದೇ ಕಂಪ್ಯೂಟರ್ ಮೌಸಿನ ಮೇಲೆ ಹಲಗೆಯೊಂದನ್ನು ಕೂರಿಸಿ, ಇಬ್ಬರು ಅದರ ಮೇಲೆ ಕೈಯಿಟ್ಟು, ಪರದೆಯ ಮೇಲಿನ ಚಿತ್ರಗಳ ನಡುವೆ ಬಾಣವನ್ನು ಓಡಿಸುತ್ತಿದ್ದರು. ಅವರಲ್ಲಿ ಒಬ್ಬರು ಪ್ರಯೋಗಕಾರರ ಕಡೆಯವರೆಂಬುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬಾಣವನ್ನು ಒಂದು ಚಿತ್ರದ ಮೇಲೆ ನಿಲ್ಲಿಸಿದ್ದು ಆ ಕಡೆಯವರೇ ಆದರೂ, ನಿಲ್ಲುವುದಕ್ಕೆ ಒಂದೋ ಐದೋ ಸೆಕೆಂಡು ಮೊದಲು ಆ ಚಿತ್ರದ ಹೆಸರು ಕಿವಿಗೆ ಬಿದ್ದಿದ್ದರೆ, ಅಲ್ಲಿ ನಿಲ್ಲಿಸಬೇಕೆಂದು ಉದ್ದೇಶಿಸಿದ್ದು ತಾವೇ ಎಂಬ ಭಾವನೆ ಜನರಲ್ಲಿ ಹೆಚ್ಚುತ್ತಿತ್ತು. ಹೆಸರು ಮೂವತ್ತು ಸೆಕೆಂಡು ಮೊದಲೋ ನಿಂತ ನಂತರವೋ ಕೇಳಿದರೆ ಹಾಗಾಗುತ್ತಿರಲಿಲ್ಲ. ಕೆಲಸಕ್ಕೆ ತುಸು ಮೊದಲು ಅದಕ್ಕೆ ಹೊಂದುವ ಯೋಚನೆ ಬಂದಿರಬೇಕು, ಬೇರೆ ಯಾರೂ ಕಾರಣರಾಗಿ ಕಾಣಬಾರದು: ಮಿದುಳಿಗೆ ಅಷ್ಟು ಸಾಕು. “ಕ್ಲಚ್ ಒತ್ತಬೇಕು” ಎಂದು ನಾನು ಅಂದುಕೊಳ್ಳುತ್ತಿದ್ದೆ, ಕ್ಲಚ್ ಒಳಗೆ ಹೋಗುತ್ತಿತ್ತು, ಪಕ್ಕದವರ ಕಾಲು ನನಗೆ ಕಾಣುತ್ತಿರಲಿಲ್ಲ.

ಇದರಿಂದಾದ ನಷ್ಟ ಹೆಮ್ಮೆಯದ್ದಷ್ಟೇ ಅಲ್ಲ. ಸ್ನಾಯುಗಳಿಗೆ ಆಜ್ಞೆ ಕಳಿಸುವಾಗಲೇ ಮಿದುಳು ಅದರ ಫಲ ಹೀಗಿದ್ದೀತೆಂದು ಅಂದಾಜು ಕಟ್ಟಿಕೊಳ್ಳುತ್ತದೆ. ಕಾಲು, ಕಣ್ಣು, ಕಿವಿಗಳಿಂದ ಬರುವ ಸುದ್ದಿ ಅದಕ್ಕೆ ತಾಳೆಯಾದರೆ ಕೆಲಸ ತನ್ನದೆನಿಸುತ್ತದೆ, ಆಗದಿದ್ದರೆ ಆ ವ್ಯತ್ಯಾಸದಿಂದಲೇ ಮುಂದಿನ ಆಜ್ಞೆಯನ್ನು ತಿದ್ದಿಕೊಳ್ಳುತ್ತದೆ. ನನ್ನ ತಪ್ಪನ್ನೆಲ್ಲ ಇನ್ನೊಬ್ಬರು ಮೊದಲೇ ಸರಿಮಾಡಿಬಿಟ್ಟರೆ ಆ ವ್ಯತ್ಯಾಸವೇ ನನ್ನ ಕಾಲಿಗೆ ಸಿಗುವುದಿಲ್ಲ, ಹತ್ತು ದಿನ ಓಡಿಸಿದರೂ ಅದು ಕಲಿಯುವುದಿಲ್ಲ.

ಹಿರಿಯರು ಕಲಿಸುವ ಕ್ರಮವೇ ಬೇರೆ. ಪೆಡಲ್ ಮುಟ್ಟುವ ಮೊದಲು “ಈಗ ನಾನು” ಎಂದು ಗಟ್ಟಿಯಾಗಿ ಹೇಳುತ್ತಾರೆ. ಹೇಳಲು ಪುರುಸೊತ್ತಿಲ್ಲದಿದ್ದರೆ ಒತ್ತಿದ ಕೂಡಲೇ ಹೇಳುತ್ತಾರೆ. ಅವರ ಮಾತಿನಂತೆ ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಿ ನೋಡಿದೆ. ಅವರು ಒತ್ತಿದಾಗ ಸವೆದ ರಬ್ಬರು ನನ್ನ ಅಂಗಾಲಿನಿಂದ ಒಂದೆಳೆ ಮುಂಚಿತವಾಗಿ ಜಾರಿಕೊಳ್ಳುತ್ತದೆ. ನಾನೇ ಒತ್ತಿದಾಗ ಅದು ಅಂಗಾಲಿಗೆ ಎದುರಾಗಿ ನಿಲ್ಲುತ್ತದೆ. ಈ ಸಣ್ಣ ವ್ಯತ್ಯಾಸ ಮೊದಲ ದಿನದಿಂದಲೂ ಅಲ್ಲೇ ಇದ್ದಿರಬೇಕು.

ಒಂದು ದೂರನ್ನು ಮಾತ್ರ ಹೇಳಲೇಬೇಕು. ಇವರ ಎರಡನೆಯ ಕಾರಿನ ಸ್ಟೇರಿಂಗಿನಲ್ಲಿ ಪ್ಲೇ ವಿಪರೀತವಾಗಿದೆ, ತಿರುಗಿಸಿದ ಮೇಲೆ ಒಂದು ಗಳಿಗೆ ಬಿಟ್ಟು ಕಾರು ಹೊರಳುತ್ತದೆ. ಇಂಥ ತಡ ಎಷ್ಟು ಕೆಡಿಸುತ್ತದೆಂಬುದು ಕಚಗುಳಿಯಿಂದ ತಿಳಿಯುತ್ತದೆ. ನಮಗೆ ನಾವೇ ಕಚಗುಳಿ ಇಟ್ಟರೆ ಹೆಚ್ಚೇನೂ ಆಗುವುದಿಲ್ಲ. ಆದರೆ ನರವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ನಡುವೆ ಯಂತ್ರವೊಂದನ್ನಿಟ್ಟು ಕೈಯ ಚಲನೆಗೂ ಸ್ಪರ್ಶಕ್ಕೂ ಸೆಕೆಂಡಿನ ಹತ್ತರಲ್ಲಿ ಒಂದರಿಂದ ಮೂರು ಭಾಗದಷ್ಟು ಅಂತರ ತಂದಾಗ ಕಚಗುಳಿ ಹೆಚ್ಚಿತು. ತಡವಾಗಿ ಬಂದ ಫಲ ಅಷ್ಟರ ಮಟ್ಟಿಗೆ ಪರರದ್ದೆನಿಸುತ್ತದೆ. ಹೊಸಬರಿಗೆ ಆ ಕಾರು ಕೊಡಲೇಬಾರದು.

ಹದಿನೆಂಟನೆಯ ದಿನ ಗಾಜನೂರಿನ ಕಡೆಗೆ ಹೋಗುವಾಗ ತಿರುವಿನಲ್ಲಿ ತೀರ್ಥಹಳ್ಳಿ ಕಡೆಯ ಬಸ್ಸು ಎದುರಾಯಿತು. ಬ್ರೇಕು, ಕ್ಲಚ್ಚು ಎರಡೂ ಬಿದ್ದು ಕಾರು ಆಫ್ ಆಗದೆ ನಿಂತಿತು. ಹಿರಿಯರು ಏನೂ ಹೇಳಲಿಲ್ಲ. ನಾನು ಎಡಕ್ಕೆ ಬಗ್ಗಿ ನೋಡಿದೆ, ಅವರ ಕಾಲು ಮ್ಯಾಟಿನ ಮೇಲೇ ಇತ್ತು. ಇನ್ನೈದು ತರಗತಿಗೆ ಹಣ ಕಟ್ಟಿ, ಅವರೇ ಬರಬೇಕೆಂದು ಕಚೇರಿಯಲ್ಲಿ ಹೇಳಿ ಬಂದಿದ್ದೇನೆ.